ನೋಡಲು ಹತ್ತುವ ಬೆಟ್ಟ, ಬಿಡಲು ಹತ್ತಿದ ಬೆಟ್ಟ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಬುಡದಲ್ಲಿ ಮೊದಲು ಬಿಡಬೇಕಾದದ್ದು ಚಪ್ಪಲಿ. ಬೆಂಗಳೂರಿನಿಂದ ನಸುಕಿನಲ್ಲೇ ಹೊರಟ ಪ್ರವಾಸಿ ಬಸ್ಸಿನವರು, ಅರಕಲಗೂಡಿನ ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು, ರಾಜಸ್ಥಾನದಿಂದ ಬಂದಿಳಿದ ಜೈನ ಕುಟುಂಬ, ಮದುವೆಯಾಗಿ ವಾರವೂ ಕಳೆಯದ ಜೋಡಿ, ಎಲ್ಲರೂ ಬರಿಗಾಲಲ್ಲಿ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾರೆ. ಹೊತ್ತು ಏರಿದಂತೆ ಬಂಡೆ ಕಾಯುತ್ತದೆ. ಗೊತ್ತಿದ್ದವರು ಕಾಲುಚೀಲ ತಂದಿರುತ್ತಾರೆ, ಗೊತ್ತಿಲ್ಲದವರು ನೆರಳಿದ್ದಲ್ಲಿ ನಿಂತು ನಿಂತು ಹೋಗುತ್ತಾರೆ. ಹತ್ತಲಾಗದ ಹಿರಿಯರನ್ನು ಡೋಲಿಯವರು ಹೊತ್ತೊಯ್ಯುತ್ತಾರೆ. ಮೇಲೆ, ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ 58 ಅಡಿಯಷ್ಟು ಎತ್ತರದ ಗೊಮ್ಮಟನ ಎದುರು ಒಬ್ಬರು ಕೈ ಮುಗಿಯುತ್ತಾರೆ, ಇನ್ನೊಬ್ಬರು ಫೋನು ಎತ್ತುತ್ತಾರೆ. ಹಲವರು ಎರಡನ್ನೂ ಮಾಡುತ್ತಾರೆ.

ಇವರೆಲ್ಲ ಬಂದದ್ದು ಒಂದೇ ಕೆಲಸಕ್ಕೇ? ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳಿವೆ: ಯಾತ್ರೆ, ಪ್ರವಾಸ. ಸರ್ಕಾರದ ಕಡತದಲ್ಲಿ ಈ ಊರು ಪ್ರವಾಸಿ ತಾಣ, ಜೈನರ ಪಾಲಿಗೆ ತೀರ್ಥ. ಬೇಲೂರು, ಹಳೇಬೀಡು, ಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಬಸ್ಸುಗಳಿಗೆ ಅದು ಪಟ್ಟಿಯಲ್ಲಿನ ಒಂದು ಹೆಸರು. ಈ ಊರಿರುವ ಹಾಸನ ಜಿಲ್ಲೆಗೆ ಬರುವವರಲ್ಲಿ ಹೆಚ್ಚಿನವರು ಹುಡುಕಿಕೊಂಡು ಬರುವುದು ಮೂರು ಸಂಗತಿಗಳನ್ನು: ಹಳೆಯ ಕಲ್ಲಿನ ಕೆಲಸ, ಒಳ್ಳೆಯ ಊಟ, ಕಣ್ಣಿಗೆ ತಂಪಾಗುವ ನೋಟ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊಟವನ್ನೂ ನೋಟವನ್ನೂ ಕೊನೆಗೆ ಮೈಯನ್ನೂ ಬಿಡಲೆಂದೇ ಜನ ಹತ್ತಿದ ಬೆಟ್ಟವೊಂದು ಇಲ್ಲಿದೆ. ಅಂಥ ಬೆಟ್ಟ, ಸವಿಯಲು ಬಂದವನಿಗೆ ಏನನ್ನು ಕೊಡಬಲ್ಲದು? ಅವನಿಂದ ಏನನ್ನು ಕೇಳುತ್ತದೆ?

ಆ ಬೆಟ್ಟ ಗೊಮ್ಮಟನಿರುವ ದೊಡ್ಡಬೆಟ್ಟವಲ್ಲ. ಊರ ನಡುವಿನ ಕೊಳದ ಆಚೆ ಇರುವ ಚಿಕ್ಕಬೆಟ್ಟ. ಚಂದ್ರಗಿರಿ ಎಂದು ಈಗ ಕರೆಯುವ ಇದರ ಹಳೆಯ ಹೆಸರು ಕಳ್ವಪ್ಪು, ಸಂಸ್ಕೃತದಲ್ಲಿ ಕಟವಪ್ರ. ದೊಡ್ಡಬೆಟ್ಟದಲ್ಲಿ ಕಾಲಿಡಲು ಜಾಗವಿಲ್ಲದ ಭಾನುವಾರವೂ ಇಲ್ಲಿ ನಾಲ್ಕಾರು ಮಂದಿ ಸಿಕ್ಕರೆ ಹೆಚ್ಚು. ಮೆಟ್ಟಿಲು ಕಡಿಮೆ, ಬಸದಿಗಳು ಹೆಚ್ಚು: ಚಂದ್ರಗುಪ್ತ ಬಸದಿ, ಚಾವುಂಡರಾಯ ಬಸದಿ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ. ಭದ್ರಬಾಹುವಿನ ಗುಹೆಯಲ್ಲಿ ಎರಡು ಪಾದದ ಗುರುತುಗಳಿವೆ. ಆದರೂ ಈ ಬೆಟ್ಟದ ನಿಜವಾದ ಸಂಪತ್ತು ಕಾಲ ಕೆಳಗಿನ ಬಂಡೆಯೇ. ಅದರ ತುಂಬ ಬರಹ. ಕೆಲವಕ್ಕೆ ಈಗ ಗಾಜಿನ ಹೊದಿಕೆ ಹಾಕಿದ್ದಾರೆ, ಕೆಲವು ಬಿಸಿಲು ಮಳೆಗೆ ಮೈಯೊಡ್ಡಿ ಸವೆಯುತ್ತಿವೆ.

ಬಿ. ಎಲ್. ರೈಸ್ 1889ರಲ್ಲಿ ಇಲ್ಲಿನ 144 ಶಾಸನಗಳನ್ನು ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕರಣೆಯಲ್ಲಿ ಅದು 573 ಆಯಿತು. ಇವೆಲ್ಲಕ್ಕೂ ಹಿರಿಯದೆಂದು ಎಣಿಸುವ ಸುಮಾರು ಕ್ರಿ.ಶ. 600ರ ಶಾಸನ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಹತ್ತಿರದ ಬಂಡೆಯ ಮೇಲಿದೆ. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡದ್ದು. ಉಜ್ಜಯಿನಿಯಲ್ಲಿ ಭದ್ರಬಾಹು ಎಂಬ ಗುರು ಹನ್ನೆರಡು ವರ್ಷಗಳ ಬರಗಾಲ ಬರಲಿದೆ ಎಂದು ಮುನ್ನುಡಿದದ್ದು, ಇಡೀ ಸಂಘ ತೆಂಕಣದತ್ತ ಹೊರಟದ್ದು, ಜನ, ಧನ, ಧಾನ್ಯ, ದನಕರುಗಳಿಂದ ತುಂಬಿದ ಸೀಮೆಗೆ ಬಂದು ಮುಟ್ಟಿದ್ದು ಅದರಲ್ಲಿದೆ. ಅಲ್ಲಿಂದ ಮುಂದೆ ಪ್ರಭಾಚಂದ್ರ ಎಂಬ ಆಚಾರ್ಯ, ತನ್ನ ಆಯುಷ್ಯ ಇನ್ನು ಸ್ವಲ್ಪವೇ ಎಂದರಿತು, ಒಬ್ಬ ಶಿಷ್ಯನನ್ನು ಮಾತ್ರ ಉಳಿಸಿಕೊಂಡು ಸಂಘವನ್ನು ಮುಂದಕ್ಕೆ ಕಳಿಸಿ ಈ ಬೆಟ್ಟದ ಮೇಲೆ ಸಂನ್ಯಸನ ಮಾಡಿ, ಎಂದರೆ ವ್ರತವಾಗಿ ಅನ್ನ ಬಿಟ್ಟು, ಮುಗಿದ. ಮುಂದೆ ಏಳುನೂರು ಋಷಿಗಳು ಅದೇ ದಾರಿ ಹಿಡಿದರು ಎಂದು ಶಾಸನ ಮುಗಿಯುತ್ತದೆ. ಆ ಪ್ರಭಾಚಂದ್ರನೇ ಚಂದ್ರಗುಪ್ತ ಮೌರ್ಯ ಎಂಬುದು ಪರಂಪರೆಯ ನಂಬಿಕೆ, ಇತಿಹಾಸಕಾರರಲ್ಲಿ ಆ ಬಗ್ಗೆ ಒಮ್ಮತವಿಲ್ಲ. ಚಂದ್ರಗುಪ್ತನಿರಲಿ ಬಿಡಲಿ, ಶಾಸನದ ತೂಕ ಅದರಿಂದ ಕಡಿಮೆಯಾಗುವುದಿಲ್ಲ.

ಈ ಶಾಸನದಲ್ಲಿ ಓದುಗರನ್ನು ತಡೆದು ನಿಲ್ಲಿಸುವ ಭಾಗ ಒಂದಿದೆ. ಸಾವಿನ ದಾಖಲೆ ಬರೆಯುತ್ತಿದ್ದ ಆ ಅನಾಮಿಕ, ನಡುವೆ ನಿಂತು ಬೆಟ್ಟವನ್ನು ಬಣ್ಣಿಸುತ್ತಾನೆ. ಮರಗಳಿಂದ ಉದುರಿದ ಹೂಗಳಿಂದ ಬಣ್ಣಬಣ್ಣವಾದ ನೆಲ, ನೀರು ತುಂಬಿದ ಮೋಡದಂತೆ ಕಪ್ಪಾದ ಬಂಡೆ, ಹಂದಿ, ಹುಲಿ, ಕರಡಿ, ಹಾವು, ಜಿಂಕೆ, ಗವಿ, ಕಣಿವೆ. ಅನ್ನ ಬಿಟ್ಟು ಮಲಗಿದವನ ಸುತ್ತಲಿನ ಚೆಲುವನ್ನು ಬಿಟ್ಟುಬಿಡಲು ಅವನ ಮನಸ್ಸು ಒಪ್ಪಲಿಲ್ಲ.

ಇಂದಿನ ಪ್ರವಾಸಿ ಹುಡುಕುವ ಮೂರೂ ಸಂಗತಿಗಳು ಆ ಒಂದೇ ಬಂಡೆಯ ಮೇಲಿವೆ. ಹಳೆಯ ಕಲ್ಲಿನ ಕೆಲಸವಿದೆ: ಗುರುಪರಂಪರೆಯ ಹೆಸರುಗಳನ್ನು ಕೆತ್ತಿದ ಬರಹ. ಊಟವಿದೆ: ಅವರು ಇಲ್ಲಿಗೆ ಬಂದದ್ದೇ ಬರದಿಂದ ತಪ್ಪಿಸಿಕೊಳ್ಳಲು, ಧಾನ್ಯವಿರುವ ನಾಡು ಹುಡುಕಿಕೊಂಡು. ನೋಟವೂ ಇದೆ. ಹಾಗಾಗಿ ಬೆಳಗೊಳದ ಮೊದಲ ಪರಸ್ಥಳದವರನ್ನು ಶುದ್ಧ ಯಾತ್ರಿಕರೆಂದೂ ಈಗ ಬರುವವರನ್ನು ಬರಿಯ ಪ್ರವಾಸಿಗರೆಂದೂ ಗೆರೆ ಎಳೆದು ಬೇರ್ಪಡಿಸುವುದು ಸುಲಭವಲ್ಲ. ಹಸಿವೇ ಅವರನ್ನೂ ನಡೆಸಿತ್ತು. ಬೇರೆಯಾದದ್ದು ಬಂದ ಮೇಲೆ ಮಾಡಿದ್ದರಲ್ಲಿ. ಅನ್ನ ಹುಡುಕಿಕೊಂಡು ನೂರಾರು ಗಾವುದ ನಡೆದು ಬಂದವರು, ಅನ್ನ ಸಿಕ್ಕ ನಾಡಿನಲ್ಲಿ ಕುಳಿತು ಅನ್ನವನ್ನು ಬಿಟ್ಟರು.

ಇದಕ್ಕೆ ಜೈನರು ಕೊಡುವ ಹೆಸರು ಸಲ್ಲೇಖನ. ಹೆಸರು ಕೇಳಿದ ಕೂಡಲೇ ಹಲವರು ಆತ್ಮಹತ್ಯೆ ಎಂಬ ಮಾತಿಗೆ ಹಾರುತ್ತಾರೆ. ಶಾಸ್ತ್ರ ಅಷ್ಟು ಸಡಿಲವಾಗಿಲ್ಲ. ಪರಿಹಾರವೇ ಇಲ್ಲದ ರೋಗ, ಮುಪ್ಪು, ಬರಗಾಲ, ವಿಪತ್ತು ಬಂದಾಗ ಮಾತ್ರ ಇದು ಸಲ್ಲುತ್ತದೆ ಎನ್ನುತ್ತಾನೆ ರತ್ನಕರಂಡಕ ಶ್ರಾವಕಾಚಾರ ಬರೆದ ಸಮಂತಭದ್ರ. ಅದೂ ಒಮ್ಮೆಲೇ ಅಲ್ಲ. ಮೊದಲು ಗಟ್ಟಿ ಆಹಾರ ಬಿಡಬೇಕು, ಆಮೇಲೆ ಹಾಲಿನಂಥದ್ದು, ಆಮೇಲೆ ತಿಳಿಗಂಜಿಯಂಥದ್ದು, ಆಮೇಲೆ ಬಿಸಿನೀರು. ಅದಕ್ಕೂ ಮೊದಲು ಸ್ನೇಹ, ವೈರ, ಒಡೆತನ ಬಿಟ್ಟು ಎಲ್ಲರ ಕ್ಷಮೆ ಕೇಳಬೇಕು. ವ್ರತ ಕೆಡಿಸುವ ಐದು ದೋಷಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಬದುಕಬೇಕೆಂಬ ಆಸೆ ಒಂದು ದೋಷ. ಬೇಗ ಸಾಯಬೇಕೆಂಬ ಆಸೆಯೂ ಅಷ್ಟೇ ದೋಷ. ಗೆಳೆಯರ ನೆನಪು, ಉಂಡುಟ್ಟ ಸುಖದ ನೆನಪು, ಮುಂದಿನ ಜನ್ಮದಲ್ಲಿ ಇಂಥದ್ದು ಬೇಕೆಂಬ ಬಯಕೆ, ಇವು ಉಳಿದ ಮೂರು. ಸಾವನ್ನು ಬಯಸುವವನು ಈ ವ್ರತಕ್ಕೆ ತಕ್ಕವನೇ ಅಲ್ಲ.

ನಿಯಮ ಹೀಗೆ. ಮನುಷ್ಯರು ಮಾತ್ರ ಯಾವಾಗಲೂ ನಿಯಮದಷ್ಟು ನೇರವಾಗಿರುವುದಿಲ್ಲ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ, ಮಗಳು ಹೋದ ಮೇಲೆ ತಾನು ಉಳಿಯಲಾರೆ ಎಂದು ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಮುಗಿದಳೆಂದು ಇಲ್ಲಿನ ಶಾಸನವೇ ಹೇಳುತ್ತದೆ. ಅದು ವೈರಾಗ್ಯವೋ, ಮಗಳನ್ನು ಕಳೆದುಕೊಂಡ ತಾಯಿಯ ಸಂಕಟವೋ? ಶಾಸನ ಬರೆಸಿದವರು ಆ ಪ್ರಶ್ನೆಯನ್ನು ಮುಚ್ಚಿಡಲಿಲ್ಲ, ಬಿಡಿಸಲೂ ಇಲ್ಲ. ಎರಡೂ ಒಂದೇ ಎದೆಯಲ್ಲಿ ಇದ್ದಿರಬಹುದೆಂಬುದನ್ನು ಕಲ್ಲು ಒಪ್ಪಿಕೊಂಡಿದೆ. ಇಂಥ ಸಲ್ಲೇಖನದ ದಾಖಲೆಗಳು ಬೆಳಗೊಳದಲ್ಲಿ ನೂರರ ಆಸುಪಾಸು ಇವೆ. ಸನ್ಯಾಸಿಗಳು, ಕಂತಿಯರೆಂಬ ಸನ್ಯಾಸಿನಿಯರು, ದಂಡನಾಯಕರ ಹೆಂಡಂದಿರು, ರಾಷ್ಟ್ರಕೂಟರ ಕೊನೆಯ ಅರಸು ನಾಲ್ಕನೆಯ ಇಂದ್ರ. ಅವನು ಕೊನೆಯುಸಿರೆಳೆದದ್ದು 982ರಲ್ಲಿ, ಗೊಮ್ಮಟ ಎದ್ದು ನಿಂತ ಆಸುಪಾಸಿನಲ್ಲೇ. ಇತಿಹಾಸಕಾರ ಷ. ಶೆಟ್ಟರ್ ಈ ಸಾವುಗಳ ಅಧ್ಯಯನಕ್ಕೇ ವರ್ಷಗಟ್ಟಲೆ ಮೀಸಲಿಟ್ಟರು. ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ನೋಂತು ಮುಡಿಪಿದರ್’, ವ್ರತ ಹಿಡಿದು ಮುಗಿಸಿದರು ಎಂದು. ತಿಮ್ಮಪ್ಪನ ಹೆಸರಲ್ಲಿ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಡುವ ಮನೆಗಳ ಕಿವಿಗೆ ಆ ಪದ ಪರಕೀಯವೆನಿಸದು. ಅವರು ಮುಡಿಪಿಟ್ಟದ್ದು ಮೈಯನ್ನು, ಅಷ್ಟೇ.

ಸಲ್ಲೇಖನ ಆತ್ಮಹತ್ಯೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಸಂಥಾರಾ ಎಂದೂ ಕರೆಯುವ ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪು ಕೊಟ್ಟಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಬೆಟ್ಟ, ಪರಂಪರೆ, ಊಟ ಮೂರನ್ನೂ ಒಂದೇ ಹೊರೆಯಲ್ಲಿ ಕಟ್ಟಿಕೊಡುವ ನಾಡುಗಳು ಲೋಕದಲ್ಲಿ ಬೇರೆಯೂ ಇವೆ. ಸ್ಪೇನ್ ದೇಶದ ಬಡಗಣ ತುದಿಯ ಅಸ್ತೂರಿಯಾಸ್ ಅಂಥದ್ದು. ಅಲ್ಲಿನ ಕೋವಡೋಂಗಾದಲ್ಲಿ ಬಂಡೆಯ ಗವಿಯೊಳಗೆ ಮೇರಿ ಮಾತೆಯ ಗುಡಿ ಇದೆ. ಎಂಟನೆಯ ಶತಮಾನದಲ್ಲಿ ಪೆಲಾಯೋ ಎಂಬ ನಾಯಕ ಮೂರ್ ಎಂದು ಕರೆಯುವ ಮುಸ್ಲಿಮರ ಸೇನೆಯನ್ನು ತಡೆದ ಜಾಗವೆಂದು ಸ್ಪೇನಿನ ಜನ ಅದನ್ನು ಗೌರವಿಸುತ್ತಾರೆ. ಅದೇ ಬೆಟ್ಟಸಾಲಿನಲ್ಲಿ 1918ರಲ್ಲಿ ಸ್ಪೇನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಪಕ್ಕದ ಸುಣ್ಣಕಲ್ಲಿನ ಗವಿಗಳಲ್ಲಿ ಕಬ್ರಾಲೆಸ್ ಎಂಬ ಗಿಣ್ಣನ್ನು ತಿಂಗಳುಗಟ್ಟಲೆ ಹಣ್ಣಾಗಲು ಇಡುತ್ತಾರೆ. ದೇವರೂ ಗವಿಯಲ್ಲಿ, ಗಿಣ್ಣೂ ಗವಿಯಲ್ಲಿ. ಓವಿಯೆದೋ ಊರಿನ ಮೇಲಿನ ಗುಡ್ಡದಲ್ಲಿರುವ ಒಂಬತ್ತನೆಯ ಶತಮಾನದ ಕಟ್ಟಡಗಳಿಗೆ ಯುನೆಸ್ಕೋ ಮನ್ನಣೆ ಸಿಕ್ಕದ್ದು 1985ರಲ್ಲಿ. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಅದು ಸಿಕ್ಕದ್ದು 2023ರಲ್ಲಿ.

ಆ ಓವಿಯೆದೋದಿಂದಲೇ ಸಾಂತಿಯಾಗೋ ಊರಿಗೆ, ಸಂತ ಯಾಕೋಬನ ಸಮಾಧಿಯಿರುವ ಗುಡಿಗೆ, ಕಾಲುದಾರಿಯೊಂದು ಹೊರಡುತ್ತದೆ. ಕಡೆಯ 100 ಕಿಲೋಮೀಟರನ್ನಾದರೂ ನಡೆದು ಮುಗಿಸಿದವರಿಗೆ ಅಲ್ಲಿನ ಯಾತ್ರಿಕರ ಕಚೇರಿ ಒಂದು ಪತ್ರ ಕೊಡುತ್ತದೆ. 2023ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದನ್ನು ಪಡೆದರು. ಪತ್ರ ಕೊಡುವ ಮುನ್ನ ಅವರು ಕೇಳುವ ಒಂದು ಪ್ರಶ್ನೆ: ನಡೆದದ್ದು ಧರ್ಮದ ಕಾರಣಕ್ಕೋ, ಬೇರೆ ಕಾರಣಗಳೂ ಬೆರೆತಿದ್ದವೋ, ಧರ್ಮಕ್ಕೆ ಸಂಬಂಧವೇ ಇರಲಿಲ್ಲವೋ? ಸಂಬಂಧವಿಲ್ಲ ಎಂದವರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ, ಬೇರೆ ಬಗೆಯ ಪತ್ರವೊಂದನ್ನು ಕೊಡುತ್ತಾರೆ. ಪ್ರಾಮಾಣಿಕವಾದ ವ್ಯವಸ್ಥೆ. ಆದರೆ ಅದರಲ್ಲೊಂದು ಕೊರತೆಯಿದೆ. ಮನುಷ್ಯ ಹೊರಟ ಕಾರಣವನ್ನು ಕಚೇರಿ ಬರೆದುಕೊಳ್ಳಬಹುದು. ದಾರಿಯಲ್ಲಿ ಅವನಿಗೆ ಆದದ್ದನ್ನು ಬರೆದುಕೊಳ್ಳಲು ಯಾವ ನಮೂನೆಯಲ್ಲೂ ಜಾಗವಿರುವುದಿಲ್ಲ. ಊಟದ ಆಸೆಗೆ ಹೊರಟವನು ಮಾತು ಕಳೆದುಕೊಂಡು ನಿಲ್ಲಬಹುದು. ಹರಕೆ ಹೊತ್ತು ಹೊರಟವನು ಸಾಲಿನಲ್ಲಿ ಜಗಳವಾಡಿ ಮನೆಗೆ ಮರಳಬಹುದು.

ಇಲ್ಲಿ ಇನ್ನೊಂದು ದನಿಯನ್ನೂ ಕೇಳಬೇಕು. ಅದು ಬೆಟ್ಟದ ಮೇಲಿನದಲ್ಲ, ಹೇಮಾವತಿಯ ದಡದ್ದು. ಹೊಳೆನರಸೀಪುರದಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ಅದನ್ನು ಕಟ್ಟಿದವರು ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975). ಶಂಕರರ ಭಾಷ್ಯಗಳನ್ನು ಬೇರೆ ವ್ಯಾಖ್ಯಾನಗಳ ಕಣ್ಣಿನಿಂದ ನೋಡದೆ ಭಾಷ್ಯದ ಮಾತಿನಲ್ಲೇ ಓದಬೇಕೆಂದು ಹಟ ಹಿಡಿದು, ಕನ್ನಡ, ಸಂಸ್ಕೃತ, ಇಂಗ್ಲಿಷ್‌ಗಳಲ್ಲಿ ಇನ್ನೂರರ ಆಸುಪಾಸು ಪುಸ್ತಕಗಳನ್ನು ಬರೆದವರು. ಉಪನಿಷತ್ತು ಓದಬೇಕೆಂದರೆ ಸಂಸ್ಕೃತವೇ ಬರಬೇಕು ಎನ್ನುತ್ತಿದ್ದ ಕಾಲದಲ್ಲಿ ಕನ್ನಡದ ಸಾಮಾನ್ಯ ಓದುಗರಿಗೆ ಶಾಂಕರಭಾಷ್ಯವನ್ನು ತೆರೆದುಕೊಟ್ಟದ್ದು ಸಣ್ಣ ಕೆಲಸವಲ್ಲ.

ಅವರು ಬೆನ್ನು ಹತ್ತಿದ ಶಂಕರರ ವಾದದಲ್ಲಿ ಯಾತ್ರೆಗೆ ಬಲವಾದ ಪೆಟ್ಟೊಂದಿದೆ. ಕ್ರಿಯೆಯಿಂದ ಸಿಗುವ ಫಲ ನಾಲ್ಕೇ ಬಗೆ, ಎನ್ನುತ್ತಾರೆ ಬ್ರಹ್ಮಸೂತ್ರಭಾಷ್ಯದಲ್ಲಿ. ಇಲ್ಲದ್ದನ್ನು ಹುಟ್ಟಿಸುವುದು, ಇದ್ದದ್ದನ್ನು ಬೇರೆಯಾಗಿಸುವುದು, ಕೊಳೆಯಾದದ್ದನ್ನು ತೊಳೆಯುವುದು, ದೂರದಲ್ಲಿರುವುದನ್ನು ಹೋಗಿ ಮುಟ್ಟುವುದು. ಮೋಕ್ಷ ಈ ನಾಲ್ಕರಲ್ಲಿ ಒಂದೂ ಅಲ್ಲ. ಆತ್ಮ ಎಲ್ಲಿಯೋ ಇದ್ದು ನಾವು ಅಲ್ಲಿಗೆ ಹೋಗಬೇಕಾದದ್ದಲ್ಲ, ಹೋಗುವವನೇ ಅದು. ಹಾಗಾದರೆ ಬೆಟ್ಟವೇಕೆ, ಬಸ್ಸೇಕೆ, ಕಾದ ಬಂಡೆಯ ಮೇಲೆ ಅಂಗಾಲು ಸುಟ್ಟುಕೊಳ್ಳುವುದೇಕೆ?

ಈ ಪೆಟ್ಟನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಿಜವೆಂದೇ ಒಪ್ಪಬೇಕು: ಜಾಗಕ್ಕೆ ಹೋದ ಮಾತ್ರಕ್ಕೆ ಯಾರೂ ಏನೂ ಆಗುವುದಿಲ್ಲ. ಜೈನರಿಗೂ ಇದು ಹೊಸ ಮಾತಲ್ಲ. ಅವರ ತೀರ್ಥಂಕರ ಎಂಬ ಪದಕ್ಕೆ ಹಾಯ್ಗಡ ಮಾಡಿಕೊಟ್ಟವನು ಎಂದರ್ಥ. ಹೊಳೆ ದಾಟುವ ಜಾಗ ತೋರಿಸಿದವನು ಅವನು, ದಾಟಬೇಕಾದದ್ದು ಅವರವರೇ. ಆದರೂ ಹೊಳೆನರಸೀಪುರದ ಕಾರ್ಯಾಲಯಕ್ಕೇ ಜನ ಹುಡುಕಿಕೊಂಡು ಹೋಗುತ್ತಾರೆ, ಎಲ್ಲಿಗೂ ಹೋಗಬೇಕಾಗಿಲ್ಲ ಎಂಬ ಪಾಠ ಕೇಳಲು. ಹೋಗುವುದು ಫಲ ಕೊಡದಿದ್ದರೂ ಕಿವಿಯನ್ನು ಅಣಿಗೊಳಿಸುತ್ತದೆ. ಮನೆಯಲ್ಲಿ ಕುಳಿತವನಿಗೆ ಮನೆಯೇ ಲೋಕವೆನಿಸಿಬಿಡುವ ಅಪಾಯವಿದೆ. ಬಂಡೆಯ ಮೇಲೆ ಬಿದ್ದ ಹೆಸರೊಂದನ್ನು ಸಾವಿರದ ನಾನೂರು ವರ್ಷದ ಬಳಿಕ ಬಗ್ಗಿ ನೋಡುವಾಗ ಆ ಭ್ರಮೆ ಸ್ವಲ್ಪ ಸಡಿಲವಾಗುತ್ತದೆ. ಯಾತ್ರೆಯಿಂದ ಇಷ್ಟನ್ನು ಕೇಳಬಹುದು, ಇದಕ್ಕಿಂತ ಹೆಚ್ಚನ್ನು ಕೇಳಬಾರದು.

ಹೆಸರಿನ ಮಾತು ಬಂತು. ಬೆಟ್ಟ ಕಂಡರೆ ಹೆಸರು ಕೆತ್ತುವ ಆಸೆ ಇಂದಿನದಲ್ಲ. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ, ಗೊಮ್ಮಟನ ಅಣ್ಣ ಭರತ ಆರು ಖಂಡ ಗೆದ್ದು ವೃಷಭಾಚಲಕ್ಕೆ ಬರುತ್ತಾನೆ. ಮೊದಲ ಚಕ್ರವರ್ತಿ ತಾನೇ ಎಂದು ಅಲ್ಲಿ ಹೆಸರು ಬರೆಸುವುದು ಅವನ ಆಸೆ. ನೋಡಿದರೆ ಬೆಟ್ಟದ ಮೈತುಂಬ ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರು, ಒಂದಿಷ್ಟೂ ಜಾಗವಿಲ್ಲ. ಗರ್ವ ಇಳಿದುಹೋಗುತ್ತದೆ. ಆದರೂ ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಮುಂದೊಂದು ದಿನ ತನ್ನದನ್ನೂ ಯಾರೋ ಅಳಿಸುವರೆಂದು ಅವನಿಗೆ ಆ ಕ್ಷಣವೇ ತಿಳಿದಿರಬೇಕು. ಕನ್ನಡ ಕಾವ್ಯ ಆಳುವವರಿಗೆ ಹೇಳಿದ ಮಾತುಗಳಲ್ಲಿ ಇದಕ್ಕಿಂತ ಕಠಿಣವಾದದ್ದು ಕಡಿಮೆ.

ಚಿಕ್ಕಬೆಟ್ಟದಲ್ಲೂ ಬಂದುಹೋದವರ ಹೆಸರುಗಳಿವೆ. ಯಾತ್ರಿಕರು ಕೆತ್ತಿಸಿದ ಇಂಥ ಬರಹ ಎರಡೂ ಬೆಟ್ಟ ಸೇರಿ ನೂರಕ್ಕೂ ಹೆಚ್ಚು. ಬಡಗಣದಿಂದ ಬಂದವರು ನಾಗರಿಯಲ್ಲಿ ಬರೆಸಿದ್ದಾರೆ. ಒಂದೆಡೆ ‘ಕವಿರತ್ನ’ ಎಂದಷ್ಟೇ ಇದೆ. ಮುಧೋಳದಿಂದ ಬಂದು ಅಜಿತಸೇನಾಚಾರ್ಯರ ಬಳಿ ಓದಿದ ಕವಿ ರನ್ನನದೇ ಆ ಬರಹ ಎಂದು ವಿದ್ವಾಂಸರು ಗುರುತಿಸಿದ್ದಾರೆ. ರನ್ನನಂಥವನೂ ಬಂಡೆಯ ಮೇಲೆ ಹೆಸರಿಟ್ಟು ಹೋದ. ಆ ಹೆಸರುಗಳು ಸತ್ತವರ ಹೆಸರುಗಳ ಪಕ್ಕದಲ್ಲಿವೆ, ಅವುಗಳ ಮೇಲಲ್ಲ. ಈಗ ಅಲ್ಲಲ್ಲಿ ಬಂಡೆಯನ್ನು ಗೀಚಿ ಹೋಗುವವರಿಗೆ ಆ ಒಂದು ಅಂತರ ತಿಳಿದಿದ್ದರೆ ಸಾಕಿತ್ತು.

ದೊಡ್ಡಬೆಟ್ಟದ ಮೇಲೆ ನಿಂತವನ ಕಣ್ಣಿಗೆ ಸುತ್ತಲಿನ ತೆಂಗಿನ ತೋಟ, ಕೆರೆ, ಎದುರಿನ ಚಿಕ್ಕಬೆಟ್ಟ ಎಲ್ಲವೂ ಬೀಳುತ್ತವೆ. ಗೊಮ್ಮಟ ಮಾತ್ರ ಯಾವುದನ್ನೂ ನೋಡುತ್ತಿರುವಂತೆ ಕಾಣುವುದಿಲ್ಲ. ಅವನ ಭಂಗಿಯ ಹೆಸರು ಕಾಯೋತ್ಸರ್ಗ, ಮೈಯನ್ನು ಬಿಟ್ಟುಕೊಟ್ಟ ನಿಲುವು. ಬಳ್ಳಿ ತೋಳಿನವರೆಗೆ ಹಬ್ಬಿದೆ, ಕಾಲ ಬಳಿ ಹುತ್ತ ಬೆಳೆದಿದೆ. ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟು ವರ್ಷ ಪೂರ್ತಿ ನಿಂತರೂ ಅವನಿಗೆ ಕೇವಲಜ್ಞಾನ ಹುಟ್ಟಲಿಲ್ಲವಂತೆ. ತಾನು ನಿಂತ ನೆಲ ಭರತನದಲ್ಲವೇ ಎಂಬ ಮುಳ್ಳೊಂದು ಮನಸ್ಸಿನಲ್ಲಿ ಉಳಿದಿತ್ತು ಎಂದು ಕನ್ನಡನಾಡಿನಲ್ಲಿ ಕಥೆ ಹೇಳುತ್ತಾರೆ. ಎಲ್ಲವನ್ನೂ ಬಿಟ್ಟವನಿಗೂ ಎರಡು ಪಾದದಷ್ಟು ನೆಲದ ಚಿಂತೆ ಕಾಡಿತು. ಭರತನೇ ಬಂದು ಕೈ ಮುಗಿದಾಗ ಆ ಮುಳ್ಳು ಹೋಯಿತು. ಅಂಥ ಮೂರ್ತಿಯನ್ನು ನೋಡುವುದಕ್ಕೆ ನಾವು ದರ್ಶನ ಎನ್ನುತ್ತೇವೆ. ಷಡ್ದರ್ಶನ ಎನ್ನುವಾಗಲೂ ಅದೇ ಪದ, ಆಗ ಅರ್ಥ ತತ್ತ್ವ. ಜೈನರ ಮೂರು ರತ್ನಗಳಲ್ಲಿ ಮೊದಲನೆಯದು ಸಮ್ಯಗ್ದರ್ಶನ, ಅಲ್ಲಿ ಅದು ಸರಿಯಾದ ನಂಬುಗೆ. ಒಂದೇ ಮಾತು ನೋಟಕ್ಕೂ, ತತ್ತ್ವಕ್ಕೂ, ನಂಬುಗೆಗೂ ಸಲ್ಲುವ ಭಾಷೆಯಲ್ಲಿ ‘ನೋಡಿಕೊಂಡು ಬಂದೆ’ ಎನ್ನುವುದು ಹಗುರ ಮಾತಲ್ಲ.

ಹಾಸನದ ಊರದೇವತೆ ಹಾಸನಾಂಬೆ ಈ ನೋಟದ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದಾಳೆ. ಅವಳ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಸುತ್ತಿನ ಕೆಲವೇ ದಿನ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆದಾಗಲೂ ಉರಿಯುತ್ತಿರುತ್ತದೆ ಎಂಬುದು ಭಕ್ತರ ನಂಬಿಕೆ. ಒಳಗಿರುವುದು ಕಡೆದ ಮೂರ್ತಿಯಲ್ಲ, ಹುತ್ತದ ರೂಪ. ಲಕ್ಷಾಂತರ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ನೋಡುವುದು ಕೆಲವು ಕ್ಷಣ ಮಾತ್ರ. ಉಳಿದ ದಿನವೆಲ್ಲ ಆ ತಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ, ಊರು ಮಾತ್ರ ಅವಳ ಹೆಸರನ್ನೇ ಇಟ್ಟುಕೊಂಡು ಬದುಕುತ್ತದೆ. ಇದಕ್ಕೆ ಪೂರಾ ವಿರುದ್ಧವಾದದ್ದು ಶೆಟ್ಟಿಹಳ್ಳಿಯ ಇಗರ್ಜಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟೆಯ ಹಿನ್ನೀರು ಬಂದು ಊರು ಎದ್ದುಹೋಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬರಿದಾಗಿ ನಿಲ್ಲುವ ಆ ಗೋಡೆಗಳನ್ನು ನೋಡಲು ದಿನವೂ ಜನ ಬರುತ್ತಾರೆ. ಪ್ರಾರ್ಥನೆಗೆ ಯಾರೂ ಇಲ್ಲ. ಹಾಸನಾಂಬೆಯಲ್ಲಿ ಭಕ್ತಿಯಿದೆ, ನೋಟ ಕಡಿಮೆ. ಶೆಟ್ಟಿಹಳ್ಳಿಯಲ್ಲಿ ನೋಟವಿದೆ, ಪೂಜಿಸಿದವರು ಹೋಗಿಬಿಟ್ಟಿದ್ದಾರೆ. ಫೋಟೋ ತೆಗೆಯುವ ಮುನ್ನ ಆ ಊರು ಯಾಕೆ ಖಾಲಿಯಾಯಿತೆಂದು ಒಂದು ಸಲ ಕೇಳಿಕೊಂಡರೆ, ಆ ಪಾಳು ಗೋಡೆಯ ಮುಂದೆಯೂ ಮನುಷ್ಯ ತಲೆ ತಗ್ಗಿಸಬಲ್ಲ.

ಇನ್ನು ಊಟ. ಹಾಸನದ ಸೀಮೆ ಊಟಕ್ಕೆ ಬಡವಾದ ಸೀಮೆಯಲ್ಲ. ಬಯಲಿನ ಕಡೆ ಮುದ್ದೆ, ಅವರೆಕಾಳಿನ ಸಾರು. ಮಲೆನಾಡಿನ ಅಂಚಿಗೆ ಹೋದರೆ ಅಕ್ಕಿರೊಟ್ಟಿ, ಕಾಫಿ. ಆಲೂಗಡ್ಡೆ ಬೆಳೆಗೆ ಈ ಜಿಲ್ಲೆ ನಾಡಿಗೇ ಹೆಸರುವಾಸಿ. ಅದೇ ಜಿಲ್ಲೆಯ ಬೆಳಗೊಳದಲ್ಲಿ ಜೈನ ಪದ್ಧತಿಯ ಅಡುಗೆಮನೆಗೆ ಆಲೂಗಡ್ಡೆ ಹೋಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನೆಲದಡಿಯ ಗೆಡ್ಡೆಯನ್ನು ಕಿತ್ತರೆ ಎಣಿಸಲಾಗದಷ್ಟು ಜೀವಗಳು ಹೋಗುತ್ತವೆ ಎಂಬ ಎಣಿಕೆ ಅದರ ಹಿಂದಿದೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಕತ್ತಲಲ್ಲಿ ತುತ್ತಿನೊಳಗೆ ಯಾವ ಹುಳ ಸೇರಿತೋ ಕಾಣದು ಎಂದು. ತಡವಾಗಿ ಬಂದ ಪ್ರವಾಸಿಗೆ ಇದು ಅನನುಕೂಲ. ಆದರೆ ಆ ಊರಿನ ತತ್ತ್ವ ಪುಸ್ತಕದಿಂದ ಇಳಿದು ತಟ್ಟೆಗೆ ಬರುವುದು ಇಲ್ಲೇ. ಈರುಳ್ಳಿ ಹಾಕದ ಸಾರಿನ ರುಚಿಗೆ ಕೊರಗುವವನು, ಯಾಕೆ ಹಾಕಿಲ್ಲವೆಂದು ಕೇಳಿದ ಕ್ಷಣದಿಂದ ಅಹಿಂಸೆಯ ಪಾಠಕ್ಕೆ ಕುಳಿತಂತೆಯೇ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲೂ ಇಂಥದೊಂದು ಪಾಠವಿದೆ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಬಳಿ ಮೀನುಗಳನ್ನು ಯಾರೂ ಹಿಡಿಯುವಂತಿಲ್ಲ, ಅವು ದೇವರ ಮೀನು. ಬಂದವರು ಅವುಗಳಿಗೇ ಉಣಿಸುತ್ತಾರೆ.

ಗೊಮ್ಮಟನ ಮುಂದೆಯೇ ಗುಳ್ಳೆಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ತೊಡೆಯಿಂದ ಕೆಳಗಿಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳೆಕಾಯಿಯ ಸಿಪ್ಪೆಯಲ್ಲಿ ತಂದ ಒಂದು ಗುಟುಕು ಹಾಲು ಅಡಿಯವರೆಗೂ ಹರಿದು ಬೆಟ್ಟವನ್ನೇ ಬೆಳ್ಳಗಾಗಿಸಿತು ಎನ್ನುತ್ತದೆ ಕಥೆ. ಮೂರ್ತಿ ಮಾಡಿಸಿದವನಿಗೆ ಗರ್ವವಿತ್ತು, ಅವಳಿಗೆ ಇರಲಿಲ್ಲ. ಆ ಕಥೆಯನ್ನು ಮರೆಯದೆ, ಅವಳ ಪ್ರತಿಮೆಯನ್ನು ಗೊಮ್ಮಟನ ಎದುರೇ ನಿಲ್ಲಿಸಿದ ಊರು ಇದು.

ಬಂದುಹೋಗುವವರ ಹಣ ಮತ್ತು ಜಾಗದ ಪಾವಿತ್ರ್ಯ ಒಂದಕ್ಕೊಂದು ಶತ್ರು ಎಂದು ವಾದಿಸುವವರು 1368ರ ಶಾಸನವನ್ನು ನೋಡಬೇಕು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಹೇಳಿಕೊಂಡರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ. ಇಲ್ಲೂ ಪದ ದರ್ಶನವೇ. ಸಾರಿದ್ದಕ್ಕೇ ನಿಲ್ಲಲಿಲ್ಲ. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು, ಆ ಹಣದಿಂದ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನಾಳುಗಳನ್ನು ನೇಮಿಸಬೇಕು, ಮಿಕ್ಕದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು. ಜೈನ ದೇವರ ಕಾವಲು ವೈಷ್ಣವರ ಹೊಣೆ. ಒಪ್ಪದವನ ಗುಡಿಯನ್ನೂ ಕಾಯುವುದು ತನ್ನ ಧರ್ಮವೆಂದು ಕಲ್ಲಿನಲ್ಲಿ ಬರೆಸಿಕೊಂಡ ನಾಡಿನಲ್ಲಿ, ಜೈನನಲ್ಲದ ಪ್ರವಾಸಿ ಹೊರಗಿನವನಲ್ಲ. ಅವನಿಗೂ ಆ ಇಪ್ಪತ್ತು ಜನರ ಕೆಲಸದಲ್ಲಿ ಪಾಲಿದೆ.

ಅದಕ್ಕಾಗಿ ಒಂದು ಮನವಿ. ಹನ್ನೆರಡು ವರ್ಷಕ್ಕೊಮ್ಮೆಯ ಮಹಾಮಸ್ತಕಾಭಿಷೇಕ ಹಿಂದಿನ ಸಲ ನಡೆದದ್ದು 2018ರಲ್ಲಿ, ಮುಂದಿನದು 2030ಕ್ಕೆ ಬರುತ್ತದೆ. ಆಗ ಲಕ್ಷಗಟ್ಟಲೆ ಕಾಲುಗಳು ದೊಡ್ಡಬೆಟ್ಟದತ್ತ ತಿರುಗುತ್ತವೆ. ಅಷ್ಟರವರೆಗೆ ಕಾಯಬೇಕಾಗಿಲ್ಲ. ಚನ್ನರಾಯಪಟ್ಟಣದ ದಾರಿ ಹಿಡಿದಾಗ ಬೆಳಗಿನ ತಂಪಿನಲ್ಲೇ ಊರು ಸೇರಿ, ಮೊದಲು ಚಿಕ್ಕಬೆಟ್ಟವನ್ನು ಹತ್ತಿ. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಮಕ್ಕಳು ಜೊತೆಗಿದ್ದರೆ, ಬರದಿಂದ ಓಡಿಬಂದು ಅನ್ನ ಬಿಟ್ಟವರ ಕಥೆಯನ್ನು ಅಲ್ಲೇ ಹೇಳಿ, ಬರಹದ ಮೇಲೆ ಕಾಲಿಡದಂತೆ ನೋಡಿಕೊಳ್ಳಿ. ಗೊಮ್ಮಟನನ್ನು ಆಮೇಲೆ ನೋಡಿ. ಊಟವನ್ನು ಮಾತ್ರ ಹೊತ್ತು ಮುಳುಗುವ ಮೊದಲು ಮುಗಿಸಿ.